ರಜೆಯ ಊರಿನಲ್ಲಿ ರಜೆ ಇಲ್ಲದವರು

(ಕುಂದಾಪುರದಲ್ಲಿ ಓದುಗ ಗೆಳೆಯರ ಎದುರು ಆಡಿದ ಮಾತುಗಳನ್ನು ಅಲ್ಪಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯಿಂದ ಇಂಗ್ಲೆಂಡಿಗೆ ಹೋಗಿ ಬರುವವರು ಈಗ ಜಾಸ್ತಿ ಆಗಿದ್ದಾರೆ. ಮಗಳ ಬಾಣಂತನಕ್ಕೆ ಹೋಗುವವರಿದ್ದಾರೆ, ಮಗನ ಪದವಿ ಸಮಾರಂಭಕ್ಕೆ ಹೋಗುವವರಿದ್ದಾರೆ, ಸುಮ್ನೆ ಒಂದು ಸಲ ನೋಡಿ ಬರೋಣ ಎಂದು ಹೋಗುವವರೂ ಇದ್ದಾರೆ. ವಾಪಸ್ ಬಂದ ಮೇಲೆ ಎಲ್ಲರ ಫೋನಿನಲ್ಲೂ ಒಂದೇ ಥರದ ಫೋಟೊ. ಅರಮನೆಯ ಗೇಟು, ಟವರ್ ಬ್ರಿಡ್ಜ್, ಕೆಂಪು ಟೆಲಿಫೋನ್ ಡಬ್ಬಿ. ನನ್ನ ಫೋನಿನಲ್ಲಿ ಅದು ಯಾವುದೂ ಇಲ್ಲ. ನಾನು ಹೋದದ್ದು ಸ್ಕಾರ್‌ಬರೊ ಎಂಬ ಊರಿಗೆ, ನನ್ನ ಗೆಳತಿಯ ಮನೆಗೆ. ಅವಳು ಮಂಗಳೂರಿನಲ್ಲಿ ನರ್ಸಿಂಗ್ ಓದಿದವಳು. ಈಗ ಆ ಊರಿನ ಆಸ್ಪತ್ರೆಯಲ್ಲಿ ಕೆಲಸ. ಗಂಡ ಅಲ್ಲೇ ಒಂದು ಕೇರ್ ಹೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾನೆ.

"ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ, ಮರವಂತೆ ಇಲ್ವಾ?" ಎಂದು ಮನೆಯಲ್ಲಿ ನಕ್ಕರು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮಲ್ಲಿ ಕಡಲ ಬದಿಯ ಊರು ಅಂದರೆ ಮೀನು, ಬಂದರು, ದೋಣಿ. ವರ್ಷಕ್ಕೊಮ್ಮೆ ಅಮಾವಾಸ್ಯೆಗೆ ಒಂದು ಸಮುದ್ರ ಸ್ನಾನ. ಇಂಗ್ಲೆಂಡಿನಲ್ಲಿ ಕಡಲ ಬದಿಯ ಊರು ಅಂದರೆ ರಜೆ. ಪರ ಊರಿನವರು ಬಂದು ನಾಲ್ಕು ದಿನ ಉಳಿದು ಹೋಗಲಿ ಎಂದೇ ಹೋಟೆಲು, ರಸ್ತೆ, ತೋಟ ಕಟ್ಟಿಕೊಂಡ ಊರುಗಳು ಅವು. ಅಂಥ ಊರನ್ನು ಹೋಟೆಲಿನ ಕಿಟಕಿಯಿಂದ ನೋಡಿದರೆ ಅದು ತೋರಿಸಬೇಕು ಎಂದುಕೊಂಡದ್ದಷ್ಟೇ ಕಾಣುತ್ತದೆ. ಅಲ್ಲಿ ರಜೆ ಇಲ್ಲದೆ ದುಡಿಯುವವರ ಮನೆಯಲ್ಲಿ ಉಳಿದರೆ ಉಳಿದದ್ದೂ ಕಾಣುತ್ತದೆ. ಇವತ್ತು ನನ್ನ ಮಾತು ಅದರ ಬಗ್ಗೆ.

ಊರು ಎಲ್ಲಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಯಾರ್ಕ್‌ಶೈರಿನ ಪೂರ್ವದ ಅಂಚಿನಲ್ಲಿ, ಉತ್ತರ ಸಮುದ್ರದ ದಡದಲ್ಲಿ. ಲಂಡನ್ನಿನಿಂದ ಯಾರ್ಕ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿ ಬೇರೆ ರೈಲು ಹತ್ತಿ ಮತ್ತೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಊರಿನ ನಡುವೆ ಸಮುದ್ರಕ್ಕೆ ಚಾಚಿದ ಒಂದು ದೊಡ್ಡ ಗುಡ್ಡ. ಅದರ ಮೇಲೆ 12ನೇ ಶತಮಾನದ ಕೋಟೆ. ಗುಡ್ಡದ ಒಂದು ಬದಿ ಸೌತ್ ಬೇ: ಬಂದರು, ಆಟದ ಅಂಗಡಿಗಳು, ಕತ್ತೆ ಸವಾರಿ, ಗದ್ದಲ. ಇನ್ನೊಂದು ಬದಿ ನಾರ್ತ್ ಬೇ, ಅದು ಸ್ವಲ್ಪ ಸಮಾಧಾನದ ಜಾಗ.

ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಒಂದು ವಿಚಿತ್ರ ಕಾಣುತ್ತದೆ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಒಂದೇ ಮರದ ಬೆಂಚು. ಉದ್ದ ಸುಮಾರು 139 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಬೆಂಚುಗಳಲ್ಲಿ ಇದೂ ಒಂದು ಎನ್ನುತ್ತಾರೆ. ಒಂದು ಕಾಲದಲ್ಲಿ ರಜೆ ಮುಗಿಸಿ ವಾಪಸ್ ಹೋಗುವ ಜನ ಅಷ್ಟು ಇರುತ್ತಿದ್ದರು. ನಾನು ಇಳಿದ ಹೊತ್ತಿನಲ್ಲಿ ಅದರ ಮೇಲೆ ಒಬ್ಬ ಅಜ್ಜ, ಒಂದು ನಾಯಿ, ಒಂದು ಚೀಲ ಇತ್ತು.

ಈಗ ಕತೆಗೆ ಬರೋಣ. ಈ ಊರನ್ನು ರಜೆಯ ಊರು ಮಾಡಿದ್ದು ಯಾರು ಗೊತ್ತಾ? ಡಾಕ್ಟರುಗಳು.

1626ರ ಸುಮಾರಿಗೆ ಫ್ಯಾರೋ ಎಂಬ ಮನೆತನದ ಹೆಂಗಸೊಬ್ಬರು ದಕ್ಷಿಣದ ದರೆಯ ಬುಡದಲ್ಲಿ ಒಂದು ಒರತೆ ನೋಡಿದರು. ನೀರು ಹರಿದ ಕಲ್ಲುಗಳು ಕೆಂಪಗಾಗಿದ್ದವು, ನೀರಿನ ರುಚಿ ಕಹಿ. ಕಹಿ ಅಂದ ಮೇಲೆ ಮದ್ದೇ ಇರಬೇಕು, ಅಲ್ವಾ? ಜನ ಕುಡಿಯಲು ಶುರು ಮಾಡಿದರು. ಅದರಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇತ್ತು, ಹೊಟ್ಟೆ ಸಲೀಸಾಗುತ್ತಿತ್ತು. 1660ರಲ್ಲಿ ರಾಬರ್ಟ್ ವಿಟ್ಟಿ ಎಂಬ ವೈದ್ಯರು ಆ ನೀರನ್ನು ಹೊಗಳಿ ಪುಸ್ತಕವನ್ನೇ ಬರೆದರು. ಆಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಮುದ್ರದಲ್ಲಿ ಮೀಯುವುದೂ ಒಳ್ಳೆಯದು ಎಂದರು. ಅಲ್ಲಿಗೆ ಇಂಗ್ಲೆಂಡಿನ ಶ್ರೀಮಂತರಿಗೆ ಸಮುದ್ರ ಹುಚ್ಚು ಹಿಡಿಯಲು ದಾರಿ ಆಯಿತು.

ಬಿಸಿಲಿಗೆ, ಆಟಕ್ಕೆ, ಐಸ್‌ಕ್ರೀಮಿಗೆ ಅವರು ಬಂದದ್ದಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟದ್ದಕ್ಕೆ ಬಂದದ್ದು. ನೀರು ತಣ್ಣಗಿದ್ದಷ್ಟು ಗುಣ ಜಾಸ್ತಿ ಎಂಬ ನಂಬಿಕೆ. ಚಕ್ರ ಇರುವ ಒಂದು ಮರದ ಕೋಣೆ. ಅದರೊಳಗೆ ಕೂತು ಬಟ್ಟೆ ಬದಲಿಸಬೇಕು. ಕುದುರೆ ಅದನ್ನು ನೀರಿನ ತನಕ ಎಳೆದುಕೊಂಡು ಹೋಗುತ್ತದೆ. ಎದುರಿನ ಬಾಗಿಲು ತೆಗೆದು ಮೆಟ್ಟಿಲು ಇಳಿದರೆ ಸೀದಾ ಸಮುದ್ರ. 1730ರ ದಶಕದ ಸ್ಕಾರ್‌ಬರೊದ ಒಂದು ಚಿತ್ರದಲ್ಲಿ ಇಂಥ ಬಂಡಿ ಇದೆ. ಇಂಥ ಬಂಡಿಯ ಚಿತ್ರಗಳಲ್ಲಿ ತೀರಾ ಹಳೆಯದು ಅದು. ಕಡಲೂರುಗಳಲ್ಲಿ ಮೀಯಿಸುವುದಕ್ಕೆಂದೇ ಗಟ್ಟಿಮುಟ್ಟಾದ ಹೆಂಗಸರು ಇರುತ್ತಿದ್ದರು. ಅಂಜುತ್ತಾ ನಿಂತ ಶ್ರೀಮಂತರ ಮನೆ ಹೆಣ್ಣುಮಕ್ಕಳ ಹೆಗಲು ಹಿಡಿದು ನೀರಿಗೆ ಮುಳುಗಿಸಿ ಎತ್ತುವುದು ಅವರ ಕೆಲಸ. ದಿನವಿಡೀ ಸೊಂಟಮಟ್ಟ ನೀರಿನಲ್ಲಿ, ಅದೂ ಉತ್ತರ ಸಮುದ್ರದಲ್ಲಿ. ಆ ನೀರು ಬೇಸಿಗೆಯಲ್ಲೂ 15 ಡಿಗ್ರಿ ದಾಟಿದರೆ ದೊಡ್ಡದು. ಮಿಂದವರ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಮೀಯಿಸಿದವರಿಗೆ ಏನು ಕಾಯಿಲೆ ಬಂತು ಎಂದು ಬರೆದಿಟ್ಟವರು ಕಡಿಮೆ.

ಇಲ್ಲೊಂದು ತಮಾಷೆ ಇದೆ. ಈಚಿನ ವರ್ಷಗಳಲ್ಲಿ ಸರಕಾರದ ನೀರಿನ ಪರೀಕ್ಷೆಯಲ್ಲಿ ಸೌತ್ ಬೇಗೆ 'ಕಳಪೆ' ದರ್ಜೆ ಬಂದಿದೆ. ಇಲ್ಲಿ ಮೀಯಬೇಡಿ ಎಂಬ ಸಲಹೆ ಕೊಟ್ಟಿದ್ದಾರೆ. ಸಮುದ್ರ ಸ್ನಾನದ ಹುಚ್ಚು ಹತ್ತಿಸಿದ ಊರಿಗೇ ಈ ಗತಿ.

ಮದ್ದು ಎಂದು ನಂಬಿ ಬಂದವರೆಲ್ಲ ಗುಣವಾಗಿ ಹೋಗಲಿಲ್ಲ. ಸಾಹಿತ್ಯ ಓದುವವರಿಗೆ ಇಂಗ್ಲಿಷ್ ಕಾದಂಬರಿ ಬರೆದ ಬ್ರಾಂಟಿ ಅಕ್ಕತಂಗಿಯರ ಹೆಸರು ಗೊತ್ತಿರುತ್ತದೆ. ಮೂವರಲ್ಲಿ ಚಿಕ್ಕವಳು ಆನ್. ಕ್ಷಯ ಹತ್ತಿತ್ತು. ಕಡಲ ಗಾಳಿಯಿಂದ ಏನಾದರೂ ಆದೀತು ಎಂದು 1849ರ ಮೇ ತಿಂಗಳಲ್ಲಿ ಅಕ್ಕ ಶಾರ್ಲೆಟ್ ಜೊತೆ ಇಲ್ಲಿಗೆ ಬಂದಳು. ಬಂದ ಕೆಲವೇ ದಿನಕ್ಕೆ, ಮೇ 28ಕ್ಕೆ ತೀರಿಕೊಂಡಳು. ಕೋಟೆಯ ಕೆಳಗಿನ ಸೇಂಟ್ ಮೇರಿ ಚರ್ಚಿನ ಬದಿಯಲ್ಲಿ ಸಮಾಧಿ ಇದೆ. ಕಲ್ಲಿನ ಮೇಲೆ ವಯಸ್ಸು 28 ಎಂದು ಕೆತ್ತಿದ್ದಾರೆ. ನಿಜಕ್ಕೂ ಅವಳಿಗೆ 29 ಆಗಿತ್ತು. ಎಷ್ಟೋ ಕಾಲದ ಮೇಲೆ ಪಕ್ಕದಲ್ಲಿ ಇನ್ನೊಂದು ಫಲಕ ಹಾಕಿ ಸರಿ ಮಾಡಿದ್ದಾರೆ. ಉಪ್ಪು ಗಾಳಿಗೆ ಹಳೆಯ ಕಲ್ಲಿನ ಅಕ್ಷರ ಸವೆದು ಹೋಗುತ್ತಿದೆ.

ಆನ್ ಬರುವ ಹೊತ್ತಿಗೆ ರೈಲು ಬಂದಾಗಿತ್ತು. 1845ರ ಜುಲೈಯಲ್ಲಿ ಯಾರ್ಕಿನಿಂದ ದಾರಿ ತೆರೆಯಿತು. ಅಲ್ಲಿಂದ ಕತೆ ತಿರುಗಿತು. ಲೀಡ್ಸ್, ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗಳ ಕೂಲಿಯವರೂ ಸಮುದ್ರ ನೋಡುವ ಹಾಗಾಯಿತು. 1871ರಲ್ಲಿ ಬ್ಯಾಂಕ್ ಹಾಲಿಡೇ ಕಾನೂನು ಬಂತು, ವರ್ಷದಲ್ಲಿ ಕೆಲವು ಸೋಮವಾರ ರಜೆ ಸಿಕ್ಕಿತು. ಸಂಬಳದ ಜೊತೆ ರಜೆ ಕೊಡಬೇಕು ಎಂಬ ಕಾನೂನು ಬರಲು ಮಾತ್ರ 1938ರ ತನಕ ಕಾಯಬೇಕಾಯಿತು. ಅದಕ್ಕೆ ಮುಂಚೆ ಹೆಚ್ಚಿನ ಕೂಲಿಯವರಿಗೆ ರಜೆ ಅಂದರೆ ಸಂಬಳವಿಲ್ಲದ ವಾರ. ವರ್ಷವಿಡೀ ವಾರಕ್ಕಿಷ್ಟು ಎಂದು ಕೂಡಿಟ್ಟು ಬರುತ್ತಿದ್ದರು.

ದೊಡ್ಡವರಿಗೆ ಬೇರೆ ವ್ಯವಸ್ಥೆ. ಆನ್ ತೀರಿಕೊಂಡ ಜಾಗದಲ್ಲೇ 1867ರಲ್ಲಿ ಗ್ರ್ಯಾಂಡ್ ಹೋಟೆಲ್ ಎದ್ದಿತು. ಕತ್ತೆತ್ತಿ ನೋಡಬೇಕು, ಅಷ್ಟು ದೊಡ್ಡದು. ಕಟ್ಟಿದ ಕತ್ಬರ್ಟ್ ಬ್ರಾಡ್ರಿಕ್‌ಗೆ ಲೆಕ್ಕದ ಖಯಾಲಿ ಇತ್ತು ಕಾಣುತ್ತದೆ. ನಾಲ್ಕು ಗೋಪುರ, ನಾಲ್ಕು ಋತು. 12 ಮಹಡಿ, 12 ತಿಂಗಳು. 52 ಚಿಮಣಿ, 52 ವಾರ. 365 ಕೋಣೆ. ಸ್ನಾನದ ತೊಟ್ಟಿಗೆ ಸಿಹಿನೀರಿನ ನಲ್ಲಿಯ ಜೊತೆ ಸಮುದ್ರದ ನೀರಿನ ನಲ್ಲಿಯೂ ಇತ್ತು. ಆಗಲೂ ಮದ್ದಿನ ನೆಪ ಪೂರ್ತಿ ಬಿಟ್ಟಿರಲಿಲ್ಲ ನೋಡಿ. ದರೆ ಹತ್ತಿ ಇಳಿಯಲು ಆಗದವರಿಗೆ 1875ರಲ್ಲಿ ಹಳಿಯ ಮೇಲೆ ಓಡುವ ಲಿಫ್ಟು ಮಾಡಿದರು, ಬ್ರಿಟನ್ನಿನಲ್ಲೇ ಮೊದಲನೆಯದು. ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಡಬ್ಬಿ. ಮೇಲಿನದರ ತೊಟ್ಟಿಗೆ ಸಮುದ್ರದ ನೀರು ತುಂಬಿದರೆ ಅದು ಭಾರಕ್ಕೆ ಇಳಿಯುತ್ತದೆ, ಕೆಳಗಿನದು ಏರುತ್ತದೆ. ಈಗ ಕರೆಂಟಿನಲ್ಲಿ ಓಡುತ್ತದೆ. ಹತ್ತಿ ನೋಡಿ, ಚೆನ್ನಾಗಿದೆ.

ಇಷ್ಟು ಇತಿಹಾಸ ಯಾಕೆ ಹೇಳಿದೆ ಅಂದರೆ, ನನ್ನ ಗೆಳತಿ ಆ ಊರಿನಲ್ಲಿ ಯಾಕೆ ಇದ್ದಾಳೆ ಎಂಬುದಕ್ಕೆ ಇದೇ ಉತ್ತರ.

1960ರ ನಂತರ ವಿಮಾನ ಅಗ್ಗವಾಯಿತು. ಮಳೆಯಲ್ಲಿ ನಡುಗುತ್ತಾ ಸ್ಕಾರ್‌ಬರೊದಲ್ಲಿ ಕೂರುವ ಬದಲು ಅದೇ ದುಡ್ಡಿಗೆ ಸ್ಪೇನಿನ ಬಿಸಿಲು ಸಿಗುವಾಗ ಯಾರು ಬರುತ್ತಾರೆ? ಇಂಗ್ಲೆಂಡಿನ ಕಡಲೂರುಗಳಲ್ಲಿ ಸಣ್ಣ ಗೆಸ್ಟ್ ಹೌಸುಗಳು ಒಂದೊಂದಾಗಿ ಮುಚ್ಚಿದವು. ಆದರೆ ಒಂದು ವರ್ಗದ ಜನ ಬರುವುದನ್ನು ನಿಲ್ಲಿಸಲಿಲ್ಲ. ನಿವೃತ್ತರು. ಚಿಕ್ಕಂದಿನಲ್ಲಿ ರಜೆಗೆ ಬಂದಿದ್ದ ಊರಿನಲ್ಲಿ ಕೊನೆಗಾಲ ಕಳೆಯಬೇಕು ಎಂಬ ಆಸೆ. ಊರು ಮುಪ್ಪಾಯಿತು. ಮುಚ್ಚಿದ ಗೆಸ್ಟ್ ಹೌಸುಗಳಲ್ಲಿ ಎಷ್ಟೋ ಕೇರ್ ಹೋಮ್ ಆದವು. ಮುದುಕರು ಬಂದರು, ಅವರನ್ನು ನೋಡಿಕೊಳ್ಳಬೇಕಾದ ಹರೆಯದವರು ಕೆಲಸ ಹುಡುಕಿ ದೊಡ್ಡ ನಗರಕ್ಕೆ ಹೋದರು.

2021ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ ತಮ್ಮ ವಾರ್ಷಿಕ ವರದಿಯನ್ನು ಪೂರ್ತಿ ಕಡಲೂರುಗಳ ಆರೋಗ್ಯದ ಬಗ್ಗೆಯೇ ಬರೆದರು. ದೇಶದಲ್ಲೇ ಅತಿ ಕೆಟ್ಟ ಆರೋಗ್ಯ ಇರುವ ಜಾಗಗಳಲ್ಲಿ ಈ ಊರುಗಳೂ ಇವೆ, ಇಲ್ಲಿ ರೋಗಿಗಳ ಸಂಖ್ಯೆಗೆ ಹೋಲಿಸಿದರೆ ಡಾಕ್ಟರು, ನರ್ಸುಗಳು ಕಡಿಮೆ ಎಂದು ಸ್ಪಷ್ಟವಾಗಿ ಹೇಳಿದರು. ಅಂದು ಹೊಗಳಿದವರೂ ವಿಟ್ಟಿ, ಇಂದು ಎಚ್ಚರಿಸಿದವರೂ ವಿಟ್ಟಿ, ಅದು ಸುಮ್ನೆ ಕಾಕತಾಳೀಯ. ಆದರೆ ಡಾಕ್ಟರು "ಹೋಗಿ ಗುಣವಾಗಿ ಬಾ" ಎಂದು ಕಳಿಸುತ್ತಿದ್ದ ಊರುಗಳಿಗೇ ಇವತ್ತು ಡಾಕ್ಟರು ಸಿಗುವುದಿಲ್ಲ ಎಂಬುದು ಕಾಕತಾಳೀಯ ಅಲ್ಲ. ಭೂಪಟ ನೋಡಿದರೆ ಗೊತ್ತಾಗುತ್ತದೆ. ಇಂಥ ಊರಿನ ಅರ್ಧ ಸುತ್ತಳತೆ ಬರೀ ನೀರು. ಆ ಬದಿಯಿಂದ ಕೆಲಸಕ್ಕೆ ಬರುವವರು ಯಾರೂ ಇಲ್ಲ. ರಸ್ತೆ, ರೈಲು ಎಲ್ಲ ಅಲ್ಲಿಗೆ ಮುಗಿಯುತ್ತದೆ.

ಖಾಲಿ ಬಿದ್ದ ಆ ಕೆಲಸಗಳಿಗೆ ಜನ ಬಂದದ್ದು ಕೇರಳದಿಂದ, ಫಿಲಿಪ್ಪೀನ್ಸಿನಿಂದ, ನೈಜೀರಿಯಾದಿಂದ, ನಮ್ಮ ಮಂಗಳೂರಿನಿಂದ.

ನಾನು ತಲುಪಿದ ದಿನ ಗೆಳತಿ ಮೊದಲು ತೋರಿಸಿದ್ದು ಸಮುದ್ರವನ್ನಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ರೋಟಾ, ಅಂದರೆ ಯಾರಿಗೆ ಯಾವಾಗ ಕೆಲಸ ಎಂಬ ಪಟ್ಟಿ. ಅವಳ ಶಿಫ್ಟು ಹಸಿರು ಪೆನ್ನಿನಲ್ಲಿ, ಗಂಡನದು ನೀಲಿಯಲ್ಲಿ, ಮಗನ ಶಾಲೆ ಕೆಂಪಿನಲ್ಲಿ. 'ಲಾಂಗ್ ಡೇ' ಅಂದರೆ ಬೆಳಗ್ಗೆ ಏಳೂವರೆಯಿಂದ ರಾತ್ರಿ ಎಂಟರ ತನಕ. 'ನೈಟ್' ಅಂದರೆ ಅದರ ತಿರುಗಾ. ಇಬ್ಬರೂ ಮನೆಯಲ್ಲಿರುವ ದಿನಕ್ಕೆ ಹಳದಿ ಬಣ್ಣ ಬಳಿದಿದ್ದರು. ಹಳದಿ ಬಹಳ ಕಡಿಮೆ ಇತ್ತು. "ನೋಡು ಮಾರಾಯ್ತಿ, ನೀನು ಬರ್ತೀಯಾಂತ ಈ ಎರಡು ಶಿಫ್ಟು ಬೇರೆಯವರ ಹತ್ರ ಬದಲಾಯಿಸಿದ್ದೇನೆ" ಎಂದಳು. ಬದಲಾಯಿಸುವುದು ಅಂದರೆ ಅದಕ್ಕೆ ಬದಲು ಒಂದು ಭಾನುವಾರ, ಒಂದು ರಾತ್ರಿ ಕೊಡುವುದು. ನಮಗೆ ಚಹಾ ಕೊಡುವವರು ಆ ಚಹಾದ ಹೊತ್ತನ್ನು ಎಲ್ಲಿಂದ ತಂದರು ಎಂದು ಅತಿಥಿಗಳಾದ ನಾವು ಕೇಳುವುದಿಲ್ಲ.

ಅವಳು ಅಲ್ಲಿಗೆ ತಲುಪಿದ ದಾರಿಯೂ ಸಲೀಸಲ್ಲ. ಮೊದಲು ಇಂಗ್ಲಿಷ್ ಪರೀಕ್ಷೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ. ಅಲ್ಲಿಗೆ ಹೋದ ಮೇಲೆ 'ಆಸ್ಕಿ' ಎಂಬ ಪ್ರಾಯೋಗಿಕ ಪರೀಕ್ಷೆ. ಊರಿನಲ್ಲಿ ಎಷ್ಟೇ ವರ್ಷ ಐಸಿಯು ನೋಡಿಕೊಂಡಿದ್ದರೂ ಅಲ್ಲಿ ಕೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಿ ತೋರಿಸಬೇಕು. ಪಾಸಾದ ಮೇಲೆ 'ಪಿನ್' ಬರುತ್ತದೆ, ಅಂದರೆ ನರ್ಸ್ ಎಂದು ನೋಂದಾಯಿಸಿದ ನಂಬರು. ನರ್ಸುಗಳ ವಾಟ್ಸಾಪ್ ಗುಂಪಿನಲ್ಲಿ "ಪಿನ್ ಬಂತಾ?" ಎಂಬುದೇ ಕುಶಲ ಪ್ರಶ್ನೆ. ಪಿನ್ ಬಂದರೆ ಬ್ಯಾಂಡ್ 5ರ ಸಂಬಳ, ಅಂದರೆ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸುಗಳು ಶುರು ಮಾಡುವ ದರ್ಜೆಯದು. ಗಂಡ ಅವಳ ವೀಸಾದ ಮೇಲೆ ಬಂದವನು, ಹಾಗಾಗಿ ತೊಂದರೆ ಆಗಲಿಲ್ಲ. ಕೇರ್ ಕೆಲಸದ ವೀಸಾದಲ್ಲಿ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ ಎಂದು 2024ರ ಮಾರ್ಚಿನಲ್ಲಿ ನಿಯಮ ಬಂತು. 2025ರ ಜುಲೈಯಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿದರು. ಮುದುಕರನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ನನ್ನ ತಲೆಬಿಸಿ ಅಲ್ಲ. ಆದರೆ ಅಲ್ಲಿ ನಾನು ಮಾತಾಡಿದವರಿಗೆಲ್ಲ ಅದೇ ತಲೆಬಿಸಿ.

ಗಂಡನ ಕೇರ್ ಹೋಮಿಗೆ ಒಂದು ಮಧ್ಯಾಹ್ನ ಹೋಗಿದ್ದೆ, ಅವರ ಅನುಮತಿ ಕೇಳಿಯೇ. ಹಿಂದೆ ಅದೂ ಗೆಸ್ಟ್ ಹೌಸ್ ಆಗಿತ್ತಂತೆ. ಕೋಣೆಯ ಬಾಗಿಲುಗಳ ಮೇಲೆ ಹಿತ್ತಾಳೆಯ ನಂಬರುಗಳು ಹಾಗೇ ಇವೆ. ಅಲ್ಲಿ ಒಬ್ಬ ಅಜ್ಜಿ, 90 ದಾಟಿದವರು. ಅಪ್ಪ ಅಮ್ಮ ಇಬ್ಬರೂ ಬ್ರಾಡ್‌ಫರ್ಡಿನ ಗಿರಣಿಯಲ್ಲಿದ್ದರು. ಬೇಸಿಗೆಯಲ್ಲಿ ಗಿರಣಿ ಒಂದು ವಾರ ಮುಚ್ಚಿದಾಗ ಇಡೀ ಬೀದಿಯೇ ಸ್ಕಾರ್‌ಬರೊಗೆ ಬರುತ್ತಿತ್ತು, ಇಲ್ಲೂ ಅದೇ ನೆರೆಹೊರೆ ಎಂದರು. ಗೆಸ್ಟ್ ಹೌಸಿನ ಯಜಮಾನಿ ಬೆಳಗಿನ ತಿಂಡಿ ಆದ ಕೂಡಲೇ ಎಲ್ಲರನ್ನೂ ಹೊರಗೆ ಕಳಿಸುವವಳು. ಮಳೆ ಬರಲಿ, ಬಿಡಲಿ, ಸಂಜೆ ಊಟದ ಹೊತ್ತಿನ ತನಕ ಒಳಗೆ ಸೇರಿಸುವುದಿಲ್ಲ. ಊಟದ ಮೇಜಿನ ಉಪ್ಪು, ಮೆಣಸಿನ ಡಬ್ಬಿಗೂ ಬಿಲ್ಲಿನಲ್ಲಿ ಬೇರೆ ದುಡ್ಡು. "ಈಗ ಹೊರಗೆ ಹೋಗ್ತೇನೆ ಅಂದ್ರೂ ಈ ಹುಡುಗ ಬಿಡೋದಿಲ್ಲ" ಎಂದು ನನ್ನ ಗೆಳತಿಯ ಗಂಡನ ಕಡೆ ಕೈ ತೋರಿಸಿದರು. ಆ 'ಹುಡುಗ'ನಿಗೆ ನಲವತ್ತು ಆಗಿದೆ. ಅವನು ಅವರ ಕಾಲಿನ ಮೇಲೆ ಕಂಬಳಿ ಸರಿ ಮಾಡುತ್ತಾ ಯಾರ್ಕ್‌ಶೈರಿನವರ ಹಾಗೇ "ಆಲ್‌ರೈಟ್, ಲವ್" ಎಂದ. ಉಡುಪಿ ಕಡೆಯ ಗಂಡಸಿನ ಬಾಯಲ್ಲಿ ಅದು ಕೇಳಿ ನನಗೆ ನಗು ತಡೆಯಲು ಆಗಲಿಲ್ಲ.

ಊಟದ ವಿಷಯಕ್ಕೆ ಬರೋಣ. ನೀವೆಲ್ಲ ಕಾಯುತ್ತಿರುವುದು ಅದಕ್ಕೇ ಎಂದು ಗೊತ್ತು.

ಬಂದರಿನ ಬದಿಯಲ್ಲಿ ಫಿಶ್ ಆಂಡ್ ಚಿಪ್ಸ್ ಅಂಗಡಿಗಳ ಸಾಲೇ ಇದೆ. ಇಂಗ್ಲೆಂಡಿನ ಬಹಳ ಕಡೆ ಕಾಡ್ ಮೀನು, ಯಾರ್ಕ್‌ಶೈರಿನವರಿಗೆ ಮಾತ್ರ ಹ್ಯಾಡಕ್ ಆಗಬೇಕು. ಕೇಳಿದರೆ ಬಾಣಲೆಯಲ್ಲಿ ಉದುರಿದ ಹಿಟ್ಟಿನ ಗರಿಗರಿ ಚೂರುಗಳನ್ನೂ ಮೇಲೆ ಹಾಕಿಕೊಡುತ್ತಾರೆ. ಅದಕ್ಕೆ ಅಲ್ಲಿ 'ಸ್ಕ್ರ್ಯಾಪ್ಸ್' ಎನ್ನುತ್ತಾರೆ. ರುಚಿ ಬೇರೆಯೇ, ಸುಳ್ಳು ಹೇಳಬಾರದು. ಆದರೆ ಒಂದು ಎಚ್ಚರಿಕೆ. ಯಾರ್ಕ್‌ಶೈರಿನ ಹೆಚ್ಚಿನ ಅಂಗಡಿಗಳಲ್ಲಿ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. 'ಬೀಫ್ ಡ್ರಿಪ್ಪಿಂಗ್' ಎಂದು ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆದಿರುತ್ತಾರೆ. ಮೀನಷ್ಟೇ ಅಲ್ಲ, ಆಲೂಗಡ್ಡೆಯ ಚಿಪ್ಸ್ ಕೂಡ ಅದರಲ್ಲೇ. ಅಪ್ಪಟ ಸಸ್ಯಾಹಾರಿಗಳು ಮಕ್ಕಳನ್ನು ನೋಡಲು ಹೋಗಿ "ಆಲೂಗಡ್ಡೆ ತಾನೇ" ಎಂದು ಖುಷಿಯಲ್ಲಿ ತಿಂದು ಬಂದದ್ದಿದೆ. ಹೇಳಲು ಅವರ ಮಕ್ಕಳಿಗೂ ಧೈರ್ಯ ಬಂದಿಲ್ಲ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ಬೇಡ ಅನ್ನುವವರು ವೆಜಿಟಬಲ್ ಆಯಿಲ್ ಅಂಗಡಿ ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಅವೂ ಇವೆ.

ಪೊಟ್ಟಣ ಹಿಡಿದು ಹೊರಗೆ ಬಂದರೆ ಗಲ್ ಹಕ್ಕಿಗಳ ಕಾಟ. ನಮ್ಮ ಮಲ್ಪೆಯ ಹದ್ದುಗಳಿಗೆ ಸ್ವಲ್ಪ ಮರ್ಯಾದೆ ಇದೆ. ಇವಕ್ಕೆ ಅದೂ ಇಲ್ಲ, ಕೈಯಿಂದಲೇ ಎಗರಿಸುತ್ತವೆ. ಎಕ್ಸಿಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಗಲ್ ಹಕ್ಕಿಯನ್ನು ನೇರವಾಗಿ ದಿಟ್ಟಿಸಿ ನೋಡುತ್ತಿದ್ದರೆ ಅದು ತಿಂಡಿಯ ಹತ್ತಿರ ಬರಲು ಹಿಂಜರಿಯುತ್ತದೆ ಎಂದು ಕಂಡಿತು. ಹಾಗಾಗಿ ಸ್ಕಾರ್‌ಬರೊದ ಬೆಂಚುಗಳ ಮೇಲೆ ಗೆಳತಿಯ ಮಗನೂ ನಾನೂ ಸಮುದ್ರ ನೋಡದೆ ಹಕ್ಕಿಯನ್ನು ದುರುಗುಟ್ಟಿ ನೋಡುತ್ತಾ ಚಿಪ್ಸ್ ತಿಂದೆವು.

ಇನ್ನೊಂದು ಹಕ್ಕಿ ಇದೆ, ಕಿಟ್ಟಿವೇಕ್. ಅದು ಪಾಪ, ಯಾರ ತಿಂಡಿಗೂ ಬರುವುದಿಲ್ಲ, ಸಮುದ್ರದ ಮೀನೇ ತಿನ್ನುವುದು. ಚಳಿಗಾಲವನ್ನು ನಡು ಅಟ್ಲಾಂಟಿಕ್ಕಿನಲ್ಲಿ ಕಳೆದು ವಸಂತಕ್ಕೆ ಬಂದು ಗ್ರ್ಯಾಂಡ್ ಹೋಟೆಲಿನ ಗೋಡೆಯ ಅಂಚುಗಳಲ್ಲಿ ಗೂಡು ಕಟ್ಟುತ್ತದೆ. ತನ್ನ ಹೆಸರನ್ನೇ ಕೂಗುತ್ತಾ ಕೂತಿರುತ್ತದೆ. ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆ ಬಹಳ ಇಳಿದಿದೆ. 365 ಕೋಣೆಗಳ ಹೋಟೆಲಿನಲ್ಲಿ ಬಾಡಿಗೆ ಕೊಡದೆ ಸಂಸಾರ ಮಾಡುವವರು ಇವರೊಬ್ಬರೇ.

ಮನೆಯಲ್ಲಿ ಆದ ಊಟ ಮಾತ್ರ ನಮ್ಮದೇ. ಒಂದು ಹಳದಿ ದಿನ ಗೆಳತಿ ಮ್ಯಾಕರೆಲ್ ತಂದಳು. ನಮ್ಮ ಬಂಗುಡೆಯ ದೂರದ ನೆಂಟ. ಮೈ ಸ್ವಲ್ಪ ಉದ್ದ, ಬೆನ್ನಿನ ಮೇಲೆ ಕಪ್ಪು ಅಲೆಯಂಥ ಗೆರೆಗಳು. ಊರಿನಿಂದ ನಾನು ಒಯ್ದ ಬ್ಯಾಡಗಿ ಮೆಣಸು, ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುವ ತುರಿದ ಕಾಯಿ, ಹುಣಸೆಹುಳಿ. ಸಾರು ಕುದಿಯುವ ಮೊದಲು ಅವಳು ಮಾಡಿದ ಕೆಲಸ ನೋಡಿ: ಅಡುಗೆಮನೆಯ ಬಾಗಿಲು ಭದ್ರ ಮುಚ್ಚಿದಳು, ಅದರ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿದಳು, ಕಿಟಕಿ ಪೂರ್ತಿ ತೆರೆದಳು, ಯೂನಿಫಾರ್ಮು ಕೋಟುಗಳನ್ನೆಲ್ಲ ಮಹಡಿಯ ಕೋಣೆಗೆ ಹಾಕಿ ಬಂದಳು. "ನಾಳೆ ವಾರ್ಡಿನಲ್ಲಿ ನನ್ನ ಕೋಟು ಮೀನು ಸಾರು ಅಂತ ಹೇಳ್ಬಾರ್ದಲ್ಲ" ಎಂದಳು. ಜೂನ್ ತಿಂಗಳಲ್ಲೂ ತೆರೆದ ಕಿಟಕಿಯಿಂದ ಕೊರೆಯುವ ಗಾಳಿ. ನಾವು ಸ್ವೆಟರ್ ಹಾಕಿಕೊಂಡು ಮೀನು ಸಾರು ಉಂಡೆವು. ಅಷ್ಟೊತ್ತಿಗೆ ಪಕ್ಕದ ಮನೆಯ ಯಜಮಾನರು ಬೇಲಿಯ ಆಚೆಯಿಂದ ಏನು ಅಡುಗೆ ಎಂದು ಕೇಳಿದರು. ದೂರೋ ಆಸೆಯೋ ಗೊತ್ತಾಗಲಿಲ್ಲ. ಒಂದು ಬಟ್ಟಲು ಕೊಟ್ಟೆವು. ಬಟ್ಟಲು ತೊಳೆದು ವಾಪಸ್ ಬಂತು, ಅದರೊಳಗೆ ತೋಟದ ಸ್ಟ್ರಾಬೆರಿ ಇತ್ತು.

ಅದೇ ಸಮುದ್ರದಲ್ಲಿ ಒಂದು ಕಾಲಕ್ಕೆ ಹೆರ್ರಿಂಗ್ ಮೀನಿನ ಸುಗ್ಗಿ ಇತ್ತು, ನಮ್ಮ ಬೈಗೆ ಮೀನಿನದೇ ಬಳಗದ್ದು. ಹೆರ್ರಿಂಗಿನ ಹಿಂದೆ ದೊಡ್ಡ ಟ್ಯೂನಾ ಬರುತ್ತಿತ್ತು. 1930ರ ದಶಕದಲ್ಲಿ ಅದನ್ನು ಗಾಳ ಹಾಕಿ ಹಿಡಿಯಲೆಂದೇ ಶ್ರೀಮಂತರು ಸ್ಕಾರ್‌ಬರೊಗೆ ಬರುತ್ತಿದ್ದರು. 1933ರಲ್ಲಿ ಹಿಡಿದ ಒಂದು ಮೀನು 851 ಪೌಂಡ್, ಅಂದರೆ 386 ಕಿಲೊ. ಹೆರ್ರಿಂಗ್ ಬರಿದಾಯಿತು, ಟ್ಯೂನಾ ದೂರವಾಯಿತು. ಈಗ ಬಂದರಿನಲ್ಲಿ ಪೇರಿಸಿಟ್ಟಿರುವುದು ಏಡಿ, ಲಾಬ್‌ಸ್ಟರ್ ಹಿಡಿಯುವ ಬಲೆಬುಟ್ಟಿಗಳು.

ಸುತ್ತಮುತ್ತ ನೋಡಲು ಏನಿದೆ ಎಂದು ಕೇಳುವವರಿಗೆ ಎರಡು ಜಾಗ ಹೇಳುತ್ತೇನೆ. ಪ್ರವಾಸದ ಪುಸ್ತಕದವರು ಅದೇ ದಡದ ಇನ್ನೊಂದು ಊರು ವಿಟ್ಬಿಗೆ ಕಳಿಸುತ್ತಾರೆ, ಹೋಗಿ, ಚೆನ್ನಾಗಿದೆ. ಆದರೆ ನನಗೆ ಹಿಡಿಸಿದ್ದು ರೇವನ್‌ಸ್ಕಾರ್, ಎರಡೂ ಊರುಗಳ ನಡುವೆ ದರೆಯ ಮೇಲಿದೆ. 1890ರ ದಶಕದಲ್ಲಿ ಒಂದು ಕಂಪನಿ ಅಲ್ಲಿ ಇನ್ನೊಂದು ಸ್ಕಾರ್‌ಬರೊ ಕಟ್ಟಲು ಹೊರಟಿತು. ರಸ್ತೆ ಹಾಕಿದರು, ಚರಂಡಿ ಮಾಡಿದರು, ಸೈಟು ಮಾಡಿ ಮಾರಿದರು. ಕೊಳ್ಳುವವರನ್ನು ರೈಲಿನಲ್ಲಿ ಕರೆತಂದರು. ಒಂದೇ ತೊಂದರೆ: ಸಮುದ್ರ ದರೆಯ ಬುಡದಲ್ಲಿ ಬಹಳ ಕೆಳಗೆ, ಇಳಿದರೂ ಮರಳಿಲ್ಲ, ಬರೀ ಬಂಡೆ. ಕಂಪನಿ 1913ರಲ್ಲಿ ದಿವಾಳಿ. ಈಗ ಹೋದರೆ ಹುಲ್ಲಿನ ನಡುವೆ ಆ ರಸ್ತೆಗಳ ಗುರುತು, ಅಲ್ಲೊಂದು ಇಲ್ಲೊಂದು ಮನೆ, ಕುರಿ. ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಂಡವರು ಅಲ್ಲಿ ಸ್ವಲ್ಪ ಹೊತ್ತು ನಿಂತು ಬರಬೇಕು.

ಇನ್ನೊಂದು ಜಾಗದಲ್ಲಿ ನೋಡಲು ಏನೂ ಇಲ್ಲ. ಸೌತ್ ಬೇಯ ದಕ್ಷಿಣದ ತುದಿಯಲ್ಲಿ ಹೋಲ್ಬೆಕ್ ಹಾಲ್ ಎಂಬ ಒಳ್ಳೆಯ ಹೋಟೆಲ್ ಇತ್ತು. 1993ರ ಜೂನಿನಲ್ಲಿ ಅದರ ಎದುರಿನ ತೋಟ ಜಾರಿತು. ಹಿಮಯುಗದಲ್ಲಿ ಬಂದು ಬಿದ್ದ ಜೇಡಿಮಣ್ಣಿನ ದರೆ ಅದು, ಮಳೆನೀರು ಕುಡಿದು ಸಡಿಲವಾಗಿತ್ತು. ಉಳಿದುಕೊಂಡಿದ್ದವರನ್ನು ಹೊರಗೆ ಕಳಿಸಿದರು, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಟಿವಿ ಕ್ಯಾಮೆರಾಗಳ ಎದುರೇ ಹೋಟೆಲು ಕುಸಿಯಿತು. ಹೋಟೆಲಿನವರು ಸ್ಥಳೀಯ ಆಡಳಿತದ ಮೇಲೆ ಕೇಸು ಹಾಕಿದರು. ಇಷ್ಟು ದೊಡ್ಡ ಕುಸಿತ ಆಗುತ್ತದೆ ಎಂದು ಆಡಳಿತಕ್ಕೆ ಮೊದಲೇ ತಿಳಿಯುವ ಹಾಗಿರಲಿಲ್ಲ, ಹಾಗಾಗಿ ಹೊಣೆ ಇಲ್ಲ ಎಂದು 2000ದಲ್ಲಿ ಮೇಲಿನ ಕೋರ್ಟು ಹೇಳಿತು. ಉಳ್ಳಾಲದಲ್ಲಿ ಮನೆಯ ಹಿತ್ತಿಲು ಸಮುದ್ರಕ್ಕೆ ಹೋದವರಿಗೆ ಈ ಕತೆಯಲ್ಲಿ ಹೊಸದೇನೂ ಇಲ್ಲ. ನಾವು ಕಲ್ಲು ತಂದು ಸುರಿಯುತ್ತೇವೆ. ಅವರು ಕಾಂಕ್ರೀಟು ಗೋಡೆ ಕಟ್ಟುತ್ತಾರೆ. ಸಮುದ್ರ ಎರಡನ್ನೂ ಕೇಳುವುದಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿ ಕೆಲವು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತೇನೆ.

ಯಾವ ತಿಂಗಳು ಹೋಗಬೇಕು ಎಂದು ಕೇಳಿದರು. ಮೇ ಕೊನೆ, ಜೂನ್ ಒಳ್ಳೆಯದು. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಆದರೆ ಆಗಲೂ ಸಮುದ್ರದಿಂದ ಇದ್ದಕ್ಕಿದ್ದಂತೆ ಮಂಜು ಏರಿ ಬರಬಹುದು. ಅದಕ್ಕೆ ಅಲ್ಲಿನವರು 'ಫ್ರೆಟ್' ಎನ್ನುತ್ತಾರೆ. ಎರಡು ಮೈಲಿ ಒಳಗೆ ಬಿಸಿಲು, ದಡದಲ್ಲಿ ಎದುರಿನ ಮನೆ ಕಾಣುವುದಿಲ್ಲ. ಆಗಸ್ಟ್ ಕೊನೆಯ ಸೋಮವಾರದ ರಜೆಗೆ ಮಾತ್ರ ಹೋಗಬೇಡಿ. ಅಷ್ಟು ಜನ. ನಿಮ್ಮ ಗೆಳೆಯರಿಗೂ ಅವತ್ತು ರಜೆ ಸಿಕ್ಕಿರುವುದಿಲ್ಲ.

ಏನು ಒಯ್ಯಬಹುದು ಎಂದು ಒಬ್ಬರು ಅಮ್ಮ ಕೇಳಿದರು. ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಹಾಗಾಗಿ ಮನೆಯ ತುಪ್ಪ, ಧಾರವಾಡ ಪೇಡ ಎರಡನ್ನೂ ಇಲ್ಲೇ ಬಿಡಿ. ಮಸಾಲೆ ಪುಡಿ, ಹಪ್ಪಳ ಒಯ್ಯಿರಿ. ಮತ್ತೆ, ಟಿಕೆಟ್ ತೆಗೆಯುವ ಮೊದಲು ಅವರ ರೋಟಾ ಕೇಳಿ. ಹೋದ ಮೇಲೆ ಅವರು ನೈಟ್ ಮುಗಿಸಿ ಮಲಗಿರುವಾಗ ಕುಕ್ಕರ್ ಇಡಬೇಡಿ. ಹೊರಗೆ ಹೋಗಿ ತಿರುಗಾಡಿ ಬನ್ನಿ, ಬಸ್ಸಿದೆ, ಬೆಂಚಿದೆ. ನಾನು ಒಬ್ಬಳೇ ಹೋಗಿ ಪೀಸಂ ಪಾರ್ಕಿನ ಕೆರೆಯಲ್ಲಿ ನೌಕಾಯುದ್ಧ ನೋಡಿ ಬಂದೆ. ಆಳುದ್ದದ ಮೂರು ಪಟ್ಟು ಉದ್ದದ ಪುಟ್ಟ ಯುದ್ಧ ಹಡಗುಗಳು. ಒಳಗೆ ಕಾರ್ಪೊರೇಷನ್ನಿನ ನೌಕರರು ಕೂತು ಓಡಿಸುತ್ತಾರೆ, ಪಟಾಕಿ ಹೊಡೆಯುತ್ತಾರೆ. 1927ರಿಂದ ನಡೆದು ಬಂದಿದೆ. ಸರಕಾರಿ ಕೆಲಸದಲ್ಲಿ ಇದೂ ಒಂದು.

ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಕ್ಕಾ, ನೀವು ಆ ಸಮುದ್ರದಲ್ಲಿ ಮಿಂದ್ರಾ?" ಎಂದಳು. ಗೆಳತಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಇಳಿದಿಲ್ಲವಂತೆ. ಅವಳ ವಾರ್ಡಿನ ಇನ್ನೊಬ್ಬ ನರ್ಸ್, ಅಲ್ಲಿಯವಳೇ, ನೈಟ್ ಮುಗಿಸಿ ಸೀದಾ ನಾರ್ತ್ ಬೇಗೆ ಹೋಗಿ ಈಜಿ ಮನೆಗೆ ಹೋಗುತ್ತಾಳೆ, ಜನವರಿಯಲ್ಲೂ. ಅವಳ ಜೊತೆ ಒಂದು ಬೆಳಗ್ಗೆ ನಾನೂ ಹೋದೆ. ಮೊಣಕಾಲಿನ ತನಕ ಇಳಿದೆ. ಒಂದು ನಿಮಿಷ ನಿಂತಿರಬಹುದು. ಪಾದ ಇದೆಯೋ ಇಲ್ಲವೋ ತಿಳಿಯದೆ ಹೊರಗೆ ಬಂದಾಗ ಗೆಳತಿ ದಡದಲ್ಲಿ ಟವೆಲ್ ಹಿಡಿದು ನಿಂತಿದ್ದಳು. "ಎಂತ ಮಾರಾಯ್ತಿ, ಬಿಪಿ ನೋಡ್ಬೇಕಾ?" ಎಂದಳು.